ಗೀಸರ್‌ಗೆ ಕಟ್ಟಿದ ಸುಣ್ಣ ಕಿಡ್ನಿಗೂ ಕಟ್ಟುತ್ತದೆಯೇ?

ಅತ್ತಿಬೆಲೆ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಬೋರ್‌ವೆಲ್ ನೀರಿಗೆ ಒಳ್ಳೆಯ ಹೆಸರಿಲ್ಲ. ನಲ್ಲಿಯ ಮೇಲೆ ಬಿಳಿ ಕರೆ, ಗೀಸರ್ ಕಾಯಿಲ್ ಸುತ್ತ ಸುಣ್ಣದ ಪದರ, ಎಷ್ಟು ಉಜ್ಜಿದರೂ ನೊರೆ ಬಾರದ ಸೋಪು. ಅತ್ತಿಬೆಲೆ ಇರುವ ಆನೇಕಲ್ ತಾಲ್ಲೂಕಿನ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಬಂಡೆ. ಅದರ ಬಿರುಕುಗಳಲ್ಲಿ ಇಳಿದು ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಷಿಯಂ ಅಯಾನುಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ನೀರಿನ ಗಡಸುತನಕ್ಕೆ ಇವೆರಡೇ ಮುಖ್ಯ ಕಾರಣ.

ತಪ್ಪು ಕಲ್ಪನೆ: ಗಡಸು ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ.

ಸತ್ಯ: ಗೀಸರ್‌ನ ಪದರ ಬಹುಪಾಲು ಕಾರ್ಬೊನೇಟ್, ಅದು ಕಟ್ಟುವುದು ನೀರು ಕಾದಾಗ. ಕಿಡ್ನಿ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್. ಅದು ಕಟ್ಟುವುದು ಮೂತ್ರ ಗಟ್ಟಿಯಾದಾಗ. ಮೆಗ್ನೀಷಿಯಂ ಕರುಳಿನಲ್ಲಿ ಆಕ್ಸಲೇಟಿಗೆ ಅಂಟಿಕೊಂಡು ಅದು ರಕ್ತ ಸೇರುವುದನ್ನು ತಗ್ಗಿಸುತ್ತದೆ. ಮೆಗ್ನೀಷಿಯಂ ಇರುವ ಸ್ಟ್ರುವೈಟ್ ಎಂಬ ಕಲ್ಲೂ ಇದೆ ನಿಜ. ಆದರೆ ಅದನ್ನು ಕಟ್ಟಿಸುವುದು ಮೂತ್ರನಾಳದ ಸೋಂಕು, ಕುಡಿಯುವ ನೀರಲ್ಲ. ಪಾಳಿಯುದ್ದಕ್ಕೂ ಯಂತ್ರದ ಬಿಸಿಯಲ್ಲಿ ಬೆವರಿ, ನೀರೇ ಕುಡಿಯದಿರುವುದು ಗಡಸು ನೀರಿಗಿಂತ ದೊಡ್ಡ ಅಪಾಯ.

ತಪ್ಪು ಕಲ್ಪನೆ: ಕುದಿಸಿದರೆ ಅಥವಾ ಸಾಫ್ಟನರ್ ಹಾಕಿಸಿದರೆ ಲವಣವೆಲ್ಲ ಹೋಗುತ್ತದೆ.

ಸತ್ಯ: ಕುದಿಸಿದಾಗ ತಳಕ್ಕೆ ಕೂರುವುದು ಬೈಕಾರ್ಬೊನೇಟ್‌ನಿಂದ ಬಂದ ಗಡಸುತನ ಮಾತ್ರ, ಸಲ್ಫೇಟ್, ಕ್ಲೋರೈಡ್ ರೂಪದ್ದು ನೀರಿನಲ್ಲೇ ಉಳಿಯುತ್ತದೆ. ಸಾಫ್ಟನರ್ ಮಾಡುವುದು ಅದಲುಬದಲು: ಒಂದು ಮೆಗ್ನೀಷಿಯಂ ಅಯಾನು ಹಿಡಿದಿಟ್ಟು ಎರಡು ಸೋಡಿಯಂ ಅಯಾನು ಬಿಡುತ್ತದೆ. ಬಟ್ಟೆಗೆ, ಬಾಯ್ಲರ್‌ಗೆ ಅದು ಒಳ್ಳೆಯದೇ. ಬಿ.ಪಿ. ಇರುವವರು ಕುಡಿಯುವ ಮುನ್ನ ಯೋಚಿಸಬೇಕು.

ತಪ್ಪು ಕಲ್ಪನೆ: ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಘನವಸ್ತು) ಕಡಿಮೆಯಾದಷ್ಟೂ ನೀರು ಶುದ್ಧ.

ಸತ್ಯ: ಟಿಡಿಎಸ್ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದಕ್ಕೆ ಮೆಗ್ನೀಷಿಯಂ ಯಾವುದು, ನೈಟ್ರೇಟ್ ಯಾವುದು ಎಂದು ಗೊತ್ತಾಗದು. ರೋಗಾಣುವಂತೂ ಕಾಣಿಸುವುದೇ ಇಲ್ಲ. ಭಾರತೀಯ ಮಾನಕ ಐಎಸ್ 10500 (2012) ಪ್ರಕಾರ ಕುಡಿಯುವ ನೀರಿನಲ್ಲಿ ಮೆಗ್ನೀಷಿಯಂ ಲೀಟರಿಗೆ 30 ಮಿ.ಗ್ರಾಂ ತನಕ ಇರಬಹುದು. ಬೇರೆ ನೀರು ಸಿಗದ ಕಡೆ 100 ಮಿ.ಗ್ರಾಂವರೆಗೂ ಒಪ್ಪಿಗೆ ಇದೆ. ಸಲ್ಫೇಟ್ ಜೊತೆಗೆ ಅತಿಯಾದರೆ ಹೊಟ್ಟೆ ಸಡಿಲವಾಗುತ್ತದೆ.

ಆದರೂ ದೇಹಕ್ಕೆ ಮೆಗ್ನೀಷಿಯಂ ಬೇಕೇ ಬೇಕು. ಜೀವಕೋಶದ ಶಕ್ತಿಮೂಲವಾದ ಎಟಿಪಿ ಬಹುಪಾಲು ಮೆಗ್ನೀಷಿಯಂ ಅಯಾನನ್ನು ಜೊತೆಗಿಟ್ಟುಕೊಂಡೇ ಕೆಲಸಕ್ಕೆ ಇಳಿಯುತ್ತದೆ. ಎಲೆಗೆ ಹಸಿರು ಕೊಡುವ ಕ್ಲೋರೊಫಿಲ್‌ನ ನಡುವೆ ಕೂತಿರುವುದೂ ಇದೇ ಅಯಾನು.

ತಪ್ಪು ಕಲ್ಪನೆ: ರಕ್ತಪರೀಕ್ಷೆ ಸರಿಯಿದ್ದರೆ ಮೆಗ್ನೀಷಿಯಂ ಕೊರತೆಯಿಲ್ಲ, ಕಾಲು ಹಿಡಿದುಕೊಂಡರೆ ಅದರ ಮಾತ್ರೆ ಸಾಕು.

ಸತ್ಯ: ವಯಸ್ಕರ ದೇಹದಲ್ಲಿರುವ ಸುಮಾರು 25 ಗ್ರಾಂ ಮೆಗ್ನೀಷಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿದೆ. ರಕ್ತದಲ್ಲಿರುವುದು ಶೇ. 1ರಷ್ಟೂ ಇಲ್ಲ. ಹಾಗಾಗಿ ರಿಪೋರ್ಟ್ ಒಂದೇ ಪೂರ್ತಿ ಲೆಕ್ಕ ಹೇಳದು. ವಯಸ್ಸಾದವರ ಕಾಲಿನ ಸೆಳೆತಕ್ಕೆ ಮಾತ್ರೆಯಿಂದ ಹೇಳಿಕೊಳ್ಳುವಂಥ ಲಾಭವಿಲ್ಲ ಎಂದು 2020ರ ಕಾಕ್ರೇನ್ ವಿಮರ್ಶೆ ಹೇಳಿದೆ. ಕಿಡ್ನಿ ದುರ್ಬಲವಾಗಿರುವವರಲ್ಲಿ ಮಾತ್ರೆಯ ಮೆಗ್ನೀಷಿಯಂ ಹೊರಹೋಗದೆ ಅಪಾಯವಾಗಬಹುದು. ಆನೇಕಲ್ ಸೀಮೆಯ ರಾಗಿಯಲ್ಲಿ, 100 ಗ್ರಾಂ ಹಿಟ್ಟಿಗೆ 140 ಮಿ.ಗ್ರಾಂ ಆಸುಪಾಸು ಮೆಗ್ನೀಷಿಯಂ ಸಿಗುತ್ತದೆ. ಸೊಪ್ಪು, ಕಾಳು, ಕಡಲೆಕಾಯಿಯಲ್ಲೂ ಇದೆ.

ಬೋರ್‌ವೆಲ್ ನೀರು ಕುಡಿಯುವವರು ಬಿಳಿ ಕರೆ ನೋಡಿ ಹೆದರುವ ಬದಲು ನೈಟ್ರೇಟ್, ಫ್ಲೋರೈಡ್, ಕೋಲಿಫಾರ್ಮ್ ಪರೀಕ್ಷೆ ಮಾಡಿಸಲಿ. ಆರ್‌ಒ ಫಿಲ್ಟರ್ ಬೇಕೋ ಬೇಡವೋ ಎಂಬುದನ್ನು ಆ ವರದಿ ನೋಡಿ ತೀರ್ಮಾನಿಸಲಿ.