ಪಾರ್ಕಿನ್ಸನ್ಸ್ ಮರೆವಿಗೆ ಕರೆಂಟ್ ಚಿಕಿತ್ಸೆ: ನಂಬಿಕೆ ಎಷ್ಟು, ನಿಜ ಎಷ್ಟು?

ಪಾರ್ಕಿನ್ಸನ್ಸ್ ಎಂದರೆ ಕೈ ನಡುಕ, ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಂಬಿದವರು ಬಹಳ. 1817ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದ ಜೇಮ್ಸ್ ಪಾರ್ಕಿನ್ಸನ್ ಕೂಡ ರೋಗಿಯ ಬುದ್ಧಿಗೆ ಧಕ್ಕೆಯಿಲ್ಲ ಎಂದೇ ಬರೆದರು. ಅದು ತಪ್ಪು. ಸಿಡ್ನಿಯಲ್ಲಿ ರೋಗಿಗಳನ್ನು 20 ವರ್ಷ ಗಮನಿಸಿದ ಅಧ್ಯಯನದಲ್ಲಿ, ಅಷ್ಟು ಕಾಲ ಬದುಕಿದ್ದವರ ಪೈಕಿ 83%ರಷ್ಟು ಜನರಿಗೆ ಡಿಮೆನ್ಷಿಯಾ, ಅಂದರೆ ಮರೆವಿನೊಂದಿಗೆ ಬುದ್ಧಿ ಕುಂದುವ ತೊಂದರೆ, ಬಂದಿತ್ತು.

ಮಂಚಿಕೇರಿ ಕಡೆಯ ಅಡಿಕೆ ಮನೆಯಲ್ಲಿ ಇದು ಹೇಗೆ ಕಾಣಿಸುತ್ತದೆ? ಮೊಮ್ಮಕ್ಕಳ ಹೆಸರು ನೆನಪಿರುತ್ತದೆ. ಆದರೆ ಯಾವ ತೋಟದ ಕೊನೆ ಮೊದಲು ಇಳಿಸಬೇಕು, ಬೇಯಿಸಿದ್ದನ್ನು ಯಾವಾಗ ಹರವಬೇಕು, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನಿಗೆ ಎಷ್ಟು ಬಾಕಿ ಎಂಬ ಸರಣಿ ನಡುವೆಯೇ ಕಡಿದುಹೋಗುತ್ತದೆ. ‘ಅಪ್ಪಯ್ಯ, ಆ ಲೆಕ್ಕ ಏನಾಯ್ತು?’ ಎಂದರೆ ಉತ್ತರ ತಡ. ಒಂದು ಸುಳಿವು ಕೊಟ್ಟರೆ ಅನೇಕ ಸಲ ಥಟ್ಟನೆ ನೆನಪಾಗುತ್ತದೆ. ಇದನ್ನು ‘ಅರವತ್ತಕ್ಕೆ ಅರಳು ಮರಳು’ ಎಂದು ತಳ್ಳಿಹಾಕುವುದು ನನಗೆ ಅನ್ಯಾಯವೆನಿಸುತ್ತದೆ. ಈ ರೋಗಿಗಳು ಸೋಮಾರಿಗಳಲ್ಲ, ಹಟಮಾರಿಗಳೂ ಅಲ್ಲ.

ಎರಡನೆಯ ನಂಬಿಕೆ: ‘ತಲೆಗೆ ಕರೆಂಟ್ ಅಂದ್ರೆ ಶಾಕ್ ಟ್ರೀಟ್‌ಮೆಂಟ್.’ ಅಲ್ಲ. ಶಾಕ್ ಚಿಕಿತ್ಸೆಗೆ ಅರಿವಳಿಕೆ ಬೇಕು, ಅದರಲ್ಲಿ ಬೇಕೆಂದೇ ಫಿಟ್ಸ್ ಬರಿಸುತ್ತಾರೆ. ತಲೆಬುರುಡೆ ಕೊರೆದು ತಂತಿ ಇಳಿಸುವ ಡಿಬಿಎಸ್ ಇನ್ನೊಂದು. ಅದು ನಡುಕ, ಬಿಗಿತಗಳಿಗೆ. ಡಿಮೆನ್ಷಿಯಾ ಬಲಿತವರಿಗೆ ಅದನ್ನು ಸಾಮಾನ್ಯವಾಗಿ ಮಾಡುವುದೇ ಇಲ್ಲ. ನಾನು ಹೇಳುತ್ತಿರುವುದು ಟಿಡಿಸಿಎಸ್. ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಂಜಿನ ಪಟ್ಟಿಗಳನ್ನು ತಲೆಗೆ ಕಟ್ಟಿ, ಸುಮಾರು 20 ನಿಮಿಷ 2 ಮಿಲಿಆಂಪಿಯರ್ ಹರಿಸುತ್ತಾರೆ. ಶಾಕ್ ಚಿಕಿತ್ಸೆಯ ಕರೆಂಟ್ ಇದರ ನೂರಾರು ಪಟ್ಟು. ರೋಗಿ ಎಚ್ಚರವಾಗಿಯೇ ಕೂತಿರುತ್ತಾರೆ. ಮೊದಲು ಚರ್ಮದ ಮೇಲೆ ಇರುವೆ ಹರಿದಂತಾಗುತ್ತದೆ, ಕೆಲವರಿಗೆ ಸಣ್ಣ ತಲೆನೋವು.

ಹಾಗಾದರೆ ನೆನಪು ಮರಳುತ್ತದೆಯೇ? ಇಲ್ಲೇ ದೊಡ್ಡ ಆಸೆ, ದೊಡ್ಡ ತಪ್ಪು. ಈ ಕರೆಂಟ್ ಸತ್ತ ನರಕೋಶವನ್ನು ಬದುಕಿಸುವುದಿಲ್ಲ. ಬದುಕಿರುವ ಕೋಶಗಳು ಪ್ರತಿಕ್ರಿಯಿಸುವ ಸಿದ್ಧತೆಯನ್ನು ತುಸು ಏರುಪೇರು ಮಾಡುತ್ತದೆ, ಅಷ್ಟೆ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 18 ಪಾರ್ಕಿನ್ಸನ್ಸ್ ರೋಗಿಗಳ ಮಿದುಳಿನ ಎಡ ಮುಂಭಾಗಕ್ಕೆ 2 ಮಿಲಿಆಂಪಿಯರ್ ಕೊಟ್ಟಾಗ ತತ್ಕಾಲದ ನೆನಪಿನ ಪರೀಕ್ಷೆಯಲ್ಲಿ ಸುಧಾರಣೆ ಕಂಡಿತು. 1 ಮಿಲಿಆಂಪಿಯರ್‌ಗೆ ಕಾಣಲಿಲ್ಲ. ಆಮೇಲಿನ ಪ್ರಯೋಗಗಳೂ ಬಹುಪಾಲು ಸಣ್ಣವೇ, ಫಲಿತಾಂಶ ಒಂದೇ ತೆರನಲ್ಲ. ಇಂಥ ಪ್ರಯೋಗಗಳಲ್ಲಿ ಕೆಲವರಿಗೆ ಪಟ್ಟಿ ಕಟ್ಟಿ ಅರ್ಧ ನಿಮಿಷದಲ್ಲಿ ಗೊತ್ತಾಗದಂತೆ ಕರೆಂಟ್ ನಿಲ್ಲಿಸಿ ಹೋಲಿಸುತ್ತಾರೆ. ಹಾಗೆ ಹೋಲಿಸದೆ ‘ಗುಣವಾಯ್ತು’ ಅನ್ನುವ ಮಾತನ್ನು ನಾನು ಒಪ್ಪಲಾರೆ.

‘ನಿಮ್ಹಾನ್ಸ್‌ನಲ್ಲೇ ಕೊಡ್ತಾರಂತೆ’ ಎಂಬ ಮಾತೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಟಿಡಿಸಿಎಸ್ ಸಂಶೋಧನೆ ನಡೆದಿರುವುದು ನಿಜ. ಸ್ಕಿಜೋಫ್ರೇನಿಯಾದಲ್ಲಿ ಕಿವಿಯಲ್ಲಿ ದನಿ ಕೇಳಿಸುವ ತೊಂದರೆಗೆ ಅಲ್ಲಿನ ಕೆಲಸ ಹೆಸರಾಗಿದೆ. ಅದರ ಫಲವನ್ನು ಪಾರ್ಕಿನ್ಸನ್ಸ್ ಮರೆವಿಗೆ ಅನ್ವಯಿಸಲಾಗದು.

ಮನೆಯಲ್ಲೇ ಬ್ಯಾಟರಿ, ವೈರ್ ಕಟ್ಟಿ ನೋಡುವುದಂತೂ ಬೇಡವೇ ಬೇಡ. ಸ್ಪಂಜು ಒಣಗಿದರೆ ಚರ್ಮ ಸುಡಬಹುದು. ಡಿಬಿಎಸ್ ಹಾಕಿಸಿಕೊಂಡವರಿಗೆ, ತಲೆಯೊಳಗೆ ಲೋಹ ಇರುವವರಿಗೆ, ಫಿಟ್ಸ್ ಇರುವವರಿಗೆ ಅಪಾಯ ಇನ್ನೂ ಹೆಚ್ಚು.

ಕರೆಂಟ್ ಚಿಕಿತ್ಸೆಯ ಯೋಚನೆಗಿಂತ ಮೊದಲು ಮಾಡಬೇಕಾದ್ದಿದೆ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯೇ ವಯಸ್ಸಾದವರಲ್ಲಿ ಮರೆವು, ಗೊಂದಲ ಹೆಚ್ಚಿಸಬಹುದು. ಮೂತ್ರದ ಸೋಂಕು, ನಿದ್ದೆಗೇಡು, ಕಿವಿ ಮಂದವಾಗುವುದೂ ಬುದ್ಧಿಯನ್ನು ಮಂಕಾಗಿಸುತ್ತವೆ. ಪಾರ್ಕಿನ್ಸನ್ಸ್ ಡಿಮೆನ್ಷಿಯಾಗೆ ರಿವಾಸ್ಟಿಗ್ಮಿನ್ ಎಂಬ ಔಷಧವಿದೆ, ಅಮೆರಿಕದಲ್ಲಿ 2006ರಲ್ಲೇ ಅದಕ್ಕೆ ಒಪ್ಪಿಗೆ ಸಿಕ್ಕಿದೆ. ಆದ್ದರಿಂದ ಹುಬ್ಬಳ್ಳಿಗೋ ಧಾರವಾಡಕ್ಕೋ ನರರೋಗ ತಜ್ಞರ ಬಳಿ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ತಾವಾಗಿ ಯಾವುದನ್ನೂ ನಿಲ್ಲಿಸಬೇಡಿ. ಕರೆಂಟ್ ಚಿಕಿತ್ಸೆಯ ಪ್ರಯೋಗಕ್ಕೆ ಯಾರಾದರೂ ಕರೆದರೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ ಓದಿ. ಸಂಶೋಧನೆಯ ಖರ್ಚನ್ನು ಭಾಗವಹಿಸುವ ರೋಗಿಯ ಮೇಲೆ ಹಾಕಬಾರದು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನಿಯಮ. ಹಣ ಕೇಳಿದರೆ ಎದ್ದು ಬನ್ನಿ.