ತೋಟದ ಕೆಲಸಕ್ಕೆ ಅಲ್ಯೂಮಿನಿಯಮ್ಮೋ, ಸ್ಟೇನ್‌ಲೆಸ್ ಸ್ಟೀಲೋ?

ಹಿಂದೆ ತೋಟದ ಸಾಮಾನುಗಳೆಂದರೆ ಬಿದಿರಿನ ಏಣಿ, ತಾಮ್ರದ ಹಂಡೆ, ಕಬ್ಬಿಣದ ಕತ್ತಿ ಇಷ್ಟೇ ಆಗಿದ್ದವು. ಈಗ ಕಾಳುಮೆಣಸು ಕೊಯ್ಯುವ ಏಣಿ, ಅಡಿಕೆ ಕೊನೆ ಇಳಿಸುವ ದೋಟಿ ಅಲ್ಯೂಮಿನಿಯಮ್ಮಿನವು ಬಂದಿವೆ. ಅಡಿಕೆ ಬೇಯಿಸುವ ಹಂಡೆ, ಸಿಂಪರಣೆ ಪಂಪಿನ ಭಾಗಗಳು ಸ್ಟೇನ್‌ಲೆಸ್ ಸ್ಟೀಲಿನವು ದೊರೆಯುತ್ತಿವೆ. ಎರಡೂ ಬೆಳ್ಳಗೆ ಹೊಳೆಯುತ್ತವೆ. ಎರಡಕ್ಕೂ ತುಕ್ಕಿಲ್ಲವೆಂದು ಅಂಗಡಿಯಲ್ಲಿ ಹೇಳುತ್ತಾರೆ. ಆದರೆ ಇವುಗಳ ಗುಣ ಬೇರೆ ಬೇರೆ. ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚಿದರೆ ಹಣವಷ್ಟೇ ಅಲ್ಲ, ಫಸಲೂ ಕೆಡಬಹುದು. ಎಚ್ಚರ ತಪ್ಪಿದರೆ ಪ್ರಾಣಕ್ಕೂ ಅಪಾಯವುಂಟು.

ತೂಕ ಮತ್ತು ಬಲ

ಒಂದು ಲೀಟರು ನೀರಿನ ಗಾತ್ರದ ಅಲ್ಯೂಮಿನಿಯಂ 2.7 ಕೆ.ಜಿ. ತೂಗಿದರೆ, ಅಷ್ಟೇ ಗಾತ್ರದ ಸ್ಟೇನ್‌ಲೆಸ್ ಸ್ಟೀಲ್ ಸುಮಾರು 8 ಕೆ.ಜಿ. ತೂಗುತ್ತದೆ. 6 ಮೀಟರ್ ಉದ್ದ, 40 ಮಿ.ಮೀ. ಅಡ್ಡಳತೆ, ಒಂದೂವರೆ ಮಿ.ಮೀ. ದಪ್ಪದ ಕೊಳವೆಯನ್ನು ಲೆಕ್ಕ ಹಾಕಿ ನೋಡಿರಿ: ಅಲ್ಯೂಮಿನಿಯಮ್ಮಿನದು 3 ಕೆ.ಜಿ., ಸ್ಟೀಲಿನದು ಎಂಟೂವರೆ ಕೆ.ಜಿ. ದಿನವಿಡೀ ಕತ್ತೆತ್ತಿ ದುಡಿಯುವ ಕೊನೆಗಾರನ ತೋಳಿಗೆ ಈ ವ್ಯತ್ಯಾಸ ದೊಡ್ಡದು. ಆದುದರಿಂದ ಎತ್ತಿ ಹಿಡಿಯುವ, ಹೊತ್ತು ತಿರುಗುವ ಸಾಮಾನಿಗೆ ಅಲ್ಯೂಮಿನಿಯಮ್ಮೇ ತಕ್ಕುದು.

ಆದರೆ ಒಂದೇ ಅಳತೆಯ ಕೊಳವೆಗಳ ತುದಿಗೆ ಸಮ ಭಾರ ಹಾಕಿದರೆ ಅಲ್ಯೂಮಿನಿಯಂ ಮೂರರಷ್ಟು ಹೆಚ್ಚು ಬಾಗುತ್ತದೆ. ಪದೇ ಪದೇ ಬಾಗಿದರೆ ಲೋಹ ಒಳಗೇ ದಣಿದು, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಪ್ರತಿ ಕೊಯ್ಲಿಗೆ ಮುನ್ನ ಮೆಟ್ಟಿಲು ಕೂಡುವೆಡೆ, ಬೋಲ್ಟಿನ ತೂತಿನ ಸುತ್ತ ಪರೀಕ್ಷಿಸುವುದು ಅಗತ್ಯ.

ಬಿರುಕಿಗೆ ಬೆಸುಗೆ ಹಾಕಿಸುವ ಪದ್ಧತಿ ಒಳ್ಳೆಯದಲ್ಲ. ಶುದ್ಧ ಅಲ್ಯೂಮಿನಿಯಂ ಮೆದುವಾದ ಲೋಹ. ಅದಕ್ಕೆ ಸ್ವಲ್ಪ ಮೆಗ್ನೀಸಿಯಂ, ಸಿಲಿಕಾನ್ ಬೆರೆಸಿ, ಕಾಯಿಸಿ ಹದಗೊಳಿಸಿದಾಗ 6061, 6063 ಮುಂತಾದ ಗಟ್ಟಿ ಮಿಶ್ರಲೋಹಗಳಾಗುತ್ತವೆ. ಬೆಸುಗೆಯ ಶಾಖಕ್ಕೆ ಈ ಹದ ಕೆಟ್ಟು, ಆಸುಪಾಸಿನ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂಥ ಏಣಿಯ ಮೇಲೆ ಆಳನ್ನು ಹತ್ತಿಸಬಾರದು.

ಬೋರ್ಡೋ ದ್ರಾವಣ

ಕೊಳೆರೋಗಕ್ಕೆ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ ಬೇಕೆಂದು ಬೆಳೆಗಾರರೆಲ್ಲರಿಗೂ ಗೊತ್ತು. ಈ ಎರಡೂ ಅಲ್ಯೂಮಿನಿಯಮ್ಮಿನ ಶತ್ರುಗಳು. ಅಲ್ಯೂಮಿನಿಯಮ್ಮನ್ನು ಕಾಯುವುದು ಅದರ ಮೈಮೇಲೆ ತಾನಾಗಿ ಕಟ್ಟುವ ತೆಳು ಪೊರೆ. ಸುಣ್ಣದ ಕ್ಷಾರ ಆ ಪೊರೆಯನ್ನು ಕರಗಿಸುತ್ತದೆ. ಮೈಲುತುತ್ತದ ತಾಮ್ರ ಲೋಹದ ಮೇಲೆ ಕೂತು ಗುಳಿ ಕೊರೆಯುತ್ತದೆ. ಪಾತ್ರೆಯೂ ಹಾಳು, ದ್ರಾವಣದ ತಾಮ್ರವೂ ನಷ್ಟ. ದ್ರಾವಣವನ್ನು ಪ್ಲಾಸ್ಟಿಕ್ ಇಲ್ಲವೇ ಮರದ ಪಾತ್ರೆಯಲ್ಲೇ ಕಲಸಿರಿ. ಅಲ್ಯೂಮಿನಿಯಂ ದೋಟಿಯಿಂದ ಸಿಂಪಡಿಸಿದ್ದರೆ ಅದೇ ದಿನ ಚೆನ್ನಾಗಿ ತೊಳೆದಿಡಿರಿ.

ಸ್ಟೇನ್‌ಲೆಸ್ ಸ್ಟೀಲಿನ ಮೇಲಿರುವುದು ಕ್ರೋಮಿಯಮ್ಮಿನ ಪೊರೆ. ಅದು ಈ ಎರಡಕ್ಕೂ ಜಗ್ಗದು. ಆದರೆ ಇದೇ ಗುಣ ಒಂದು ಕಡೆ ನಮ್ಮನ್ನು ಮೋಸಗೊಳಿಸಬಲ್ಲುದು. ಸುಣ್ಣ ಸಾಲದೆ ದ್ರಾವಣ ಹುಳಿಯಾಗಿದ್ದರೆ, ಅದ್ದಿದ ಚೂರಿಯ ಮೇಲೆ ತಾಮ್ರದ ಕೆಂಪು ಲೇಪ ಕಾಣುವುದಷ್ಟೆ? ಈ ಪರೀಕ್ಷೆ ನಡೆಯುವುದು ಸಾದಾ ಕಬ್ಬಿಣದ ಮೇಲೆ ಮಾತ್ರ. ಅಡುಗೆಮನೆಯ ಸ್ಟೀಲ್ ಚಾಕು ಅದ್ದಿದರೆ ದ್ರಾವಣ ಹುಳಿಯಾಗಿದ್ದರೂ ಕೆಂಪು ಕಾಣದು. ಸರಿಯಾಗಿದೆಯೆಂದು ಸಿಂಪಡಿಸಿದರೆ ಎಳೆಗಾಯಿ ಸುಟ್ಟೀತು. ಆದುದರಿಂದ ಮಸೆದ ಹಳೆಯ ಕಬ್ಬಿಣದ ಕತ್ತಿಯೊಂದನ್ನು ಈ ಕೆಲಸಕ್ಕೆಂದೇ ಇಟ್ಟುಕೊಳ್ಳುವುದು ಲೇಸು.

ಹಂಡೆ ಕೊಳ್ಳುವಾಗ

ಅಡಿಕೆಯ ಚೊಗರು ಸಾದಾ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ಈ ದೋಷವಿಲ್ಲ. ಆದರೆ ಅದು ಶಾಖವನ್ನು ಹರಡುವುದರಲ್ಲಿ ಬಹಳ ಹಿಂದು. ತಾಮ್ರ ಅದಕ್ಕಿಂತ ಸುಮಾರು 25 ಪಟ್ಟು ಮುಂದು. ಆದುದರಿಂದ ತೆಳು ತಳದ ಸ್ಟೀಲ್ ಹಂಡೆಯಲ್ಲಿ ಉರಿ ತಾಗಿದಲ್ಲೇ ತಳ ಹಿಡಿಯುತ್ತದೆ. ದಪ್ಪ ತಳದ್ದನ್ನು ಆರಿಸಿ, ಉರಿಯನ್ನು ಹರಡಿ, ಕೈಬಿಡದೆ ಕಲಕುತ್ತಿರಬೇಕು.

ಸ್ಟೀಲಿನಲ್ಲೂ ತರಗಳಿವೆ. 304 ಎಂಬುದರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು. ಬೆಲೆ ಇಳಿದಂತೆ ತುಕ್ಕು ತಡೆಯುವ ಶಕ್ತಿಯೂ ಇಳಿಯುತ್ತದೆ. ಸಾಮಾನ್ಯವಾಗಿ ಎರಡಕ್ಕೂ ಅಯಸ್ಕಾಂತ ಅಂಟದಾದ್ದರಿಂದ ಆ ಪರೀಕ್ಷೆಯನ್ನು ನಂಬದೆ, ಬಿಲ್ಲಿನಲ್ಲಿ ತರದ ಸಂಖ್ಯೆ ಬರೆಸಿಕೊಳ್ಳಿರಿ.

ವಿದ್ಯುತ್ ತಂತಿಯ ಬಳಿ

ತೋಟದ ಮೇಲೆ ಹಾದುಹೋಗುವ ತಂತಿಯೂ ಬಹುತೇಕ ಅಲ್ಯೂಮಿನಿಯಮ್ಮಿನದೇ ಎಂಬುದು ನೆನಪಿರಲಿ. ಅಷ್ಟು ಸಲೀಸಾಗಿ ವಿದ್ಯುತ್ ಹರಿಸುವ ಲೋಹವನ್ನೇ ಆಳು ಕೈಯಲ್ಲಿ ಹಿಡಿದಿರುತ್ತಾನೆ. ಸ್ಟೇನ್‌ಲೆಸ್ ಸ್ಟೀಲ್ ಇದರ ಸುಮಾರು ಇಪ್ಪತ್ತನೆಯ ಒಂದು ಪಾಲಿನಷ್ಟು ಮಾತ್ರ ವಿದ್ಯುತ್ ಹರಿಸಿದರೂ ಪ್ರಾಣ ತೆಗೆಯಲು ಅದು ಧಾರಾಳ ಸಾಕು. ಹೊಸದಾಗಿ ಬಂದಿರುವ ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ ಹರಿಸುತ್ತದೆ. ಒದ್ದೆ ಬಿದಿರನ್ನೂ ನಂಬುವಂತಿಲ್ಲ. 11,000 ವೋಲ್ಟಿನ ತಂತಿಗೆ ದೋಟಿ ತಾಗಲೇಬೇಕೆಂದಿಲ್ಲ, ತೀರ ಹತ್ತಿರ ಹೋದರೂ ಕಿಡಿ ಹಾರೀತು.

ತಂತಿಯ ಅಕ್ಕಪಕ್ಕದ ಮರಗಳಿಗೆ ಮೊದಲೇ ಸುಣ್ಣದಿಂದ ಗುರುತು ಹಾಕಿರಿ. ಆ ಮರಗಳ ಕೊಯ್ಲು, ಸಿಂಪರಣೆಯನ್ನು ವಿದ್ಯುತ್ ಇಲಾಖೆಯವರಿಂದ ಲೈನು ಬಂದ್ ಮಾಡಿಸಿದ ಮೇಲೆಯೇ ನಡೆಸಿರಿ. ಏಣಿಯನ್ನು ನಿಲ್ಲಿಸಿಕೊಂಡು ಸಾಗಿಸದೆ ಮಲಗಿಸಿ ಹೊರಿಸಿರಿ. ಒಂದು ಕೊನೆ ಮರದಲ್ಲೇ ಉಳಿದರೆ ಆಗುವ ನಷ್ಟವನ್ನು ಮುಂದಿನ ವರ್ಷ ತುಂಬಿಕೊಳ್ಳಬಹುದು.