ಸಡಿಲ ಕೀಲುಗಳೂ ಶಿಶುಪಾಲನೆಯೂ

ಮೈಯನ್ನು ಬೇಕಾದಂತೆ ಬಾಗಿಸಬಲ್ಲವರನ್ನು ಕಂಡರೆ ನಮ್ಮ ಜನರಿಗೆ ಬಹಳ ಮೆಚ್ಚುಗೆ. ನಾಟ್ಯಕ್ಕೆಂದೇ ಹುಟ್ಟಿದ ಮೈ, ಯೋಗಾಸನಕ್ಕೆ ಹೇಳಿಮಾಡಿಸಿದ ಮೈ ಎನ್ನುತ್ತಾರೆ. ಕೀಲು ಸಡಿಲವಿದ್ದೂ ಯಾವ ತೊಂದರೆಯಿಲ್ಲದೆ ಬಾಳುವವರು ಎಷ್ಟೋ ಮಂದಿ ಇದ್ದಾರೆಂಬುದೇನೋ ನಿಜ. ಆದರೆ ಕೆಲವರಲ್ಲಿ ಇದು ಹುಟ್ಟಿನಿಂದಲೇ ಬಂದ ವ್ಯಾಧಿಯೊಂದರ ಲಕ್ಷಣ. ನಾನು ಆ ಕೆಲವರಲ್ಲಿ ಒಬ್ಬಳು; ಎರಡೂವರೆ ವರ್ಷದ ಹೆಣ್ಣುಮಗುವಿನ ತಾಯಿ. “ಅಕ್ಕಾ, ನೋಡಲು ಗಟ್ಟಿಮುಟ್ಟಾಗಿದ್ದೀರಲ್ಲ, ಮಗುವನ್ನೇಕೆ ಎತ್ತಿಕೊಳ್ಳುವುದಿಲ್ಲ?” ಎಂದು ಸಹಪಾಠಿಗಳು ಕೇಳುವುದುಂಟು. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಉತ್ತರ ಮಾತ್ರ ಸ್ವಲ್ಪ ದೀರ್ಘವಾದುದು.

ಎಲುಬಿಗೆ ಎಲುಬನ್ನು ಬಿಗಿದು ಕಟ್ಟಿರುವ ಹುರಿಗಳಿಗೆ ಅಸ್ಥಿರಜ್ಜುಗಳೆಂದು ಹೆಸರು. ಇವುಗಳಿಗೆ ಬಲ ಕೊಡುವುದು ಕೊಲಾಜೆನ್ ಎಂಬ ಸಸಾರಜನಕ ವಸ್ತು. ಅದರ ರಚನೆಯಲ್ಲೋ ಹೆಣಿಗೆಯಲ್ಲೋ ಕೊರತೆಯಿದ್ದರೆ ಹುರಿ ಸಡಿಲವಾಗಿ, ಕೀಲು ತನ್ನ ಮೇರೆಯನ್ನು ಮೀರಿ ಚಲಿಸುತ್ತದೆ, ಒಮ್ಮೊಮ್ಮೆ ಜಾರುತ್ತದೆ. ೧೯೦೧ರಲ್ಲಿ ಡೆನ್ಮಾರ್ಕಿನ ಎಹ್ಲರ್ಸ್, ೧೯೦೮ರಲ್ಲಿ ಫ್ರಾನ್ಸಿನ ಡ್ಯಾನ್ಲೋಸ್ ಎಂಬ ಚರ್ಮವೈದ್ಯರು ಇಂಥ ರೋಗಿಗಳನ್ನು ವರ್ಣಿಸಿದುದರಿಂದ ಈ ವ್ಯಾಧಿಗಳ ಗುಂಪಿಗೆ ಅವರಿಬ್ಬರ ಹೆಸರೇ ನಿಂತಿದೆ. ೨೦೧೭ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇದರ ೧೩ ಬಗೆಗಳನ್ನು ಹೇಳಿದ್ದಾರೆ. ನನಗಿರುವುದು ಕೀಲುಗಳ ಅತಿ ಸಡಿಲತೆಯೇ ಪ್ರಧಾನವಾದ ಬಗೆ. ಇದಕ್ಕೆ ಕಾರಣವಾದ ಜೀನ್ ಇನ್ನೂ ಪತ್ತೆಯಾಗಿಲ್ಲ. ಆದುದರಿಂದ ವೈದ್ಯರು ಮೈಯನ್ನು ಪರೀಕ್ಷಿಸಿ, ಮನೆತನದ ವೃತ್ತಾಂತವನ್ನು ಕೇಳಿ ನಿರ್ಣಯಿಸಬೇಕಾಗುತ್ತದೆ. ಕಿರುಬೆರಳು, ಹೆಬ್ಬೆರಳು, ಮೊಣಕೈ, ಮೊಣಕಾಲುಗಳಿಗೆ ಎಡಬಲ ಸೇರಿ ೮ ಅಂಕ, ಮೊಣಕಾಲು ಮಡಿಸದೆ ಅಂಗೈಗಳನ್ನು ನೆಲಕ್ಕೆ ಊರಿದರೆ ಇನ್ನೊಂದು, ಒಟ್ಟು ೯. ಇದು ಬೈಟನ್ ಎಂಬವರ ಹೆಸರಿನ ಅಳತೆ.

ಹುರಿ ಮಾಡಬೇಕಾದ ಕೆಲಸವನ್ನು ಮಾಂಸಖಂಡವು ಮಾಡಬೇಕಾಗಿ ಬರುವುದೇ ಇಲ್ಲಿನ ಮುಖ್ಯ ಸಂಗತಿ. ಸುಮ್ಮನೆ ನಿಂತರೂ ಅದಕ್ಕೆ ಬಿಡುವಿಲ್ಲ. ಸಂಜೆಯ ಹೊತ್ತಿಗೆ ನನಗಾಗುವ ಆಯಾಸಕ್ಕೂ ಸೋಮಾರಿತನಕ್ಕೂ ಹೊರನೋಟಕ್ಕೆ ವ್ಯತ್ಯಾಸ ಕಾಣದು. ಅದೇ ಈ ವ್ಯಾಧಿಯ ದೊಡ್ಡ ಕಷ್ಟವೆಂದು ನನ್ನ ಅಭಿಪ್ರಾಯ.

ಇನ್ನು ಮಗುವಿನ ವಿಷಯ. ಕಂಕುಳಿಗೆ ಕೈಹಾಕಿ ಎತ್ತಿದರೆ ಅದರ ಭಾರವೆಲ್ಲ ನಮ್ಮ ಹೆಬ್ಬೆರಳು ಮತ್ತು ಮಣಿಕಟ್ಟುಗಳ ಮೇಲೆ ಬೀಳುತ್ತದೆ. ಬದಲು ಒಂದು ಮುಂಗೈಯನ್ನು ಪೃಷ್ಠದ ಕೆಳಗೆ ತೂರಿಸಿ, ಇನ್ನೊಂದನ್ನು ಬೆನ್ನಿಗೆ ಕೊಟ್ಟು, ಎದೆಗೊತ್ತಿ ಹಿಡಿದ ಮೇಲೆ ಏಳಬೇಕು. ಸೊಂಟದ ಮೇಲೆ ಕೂರಿಸಿಕೊಳ್ಳುವ ನಮ್ಮ ವಾಡಿಕೆ ನೋಡಲು ಚೆಂದ. ಆದರೆ ಆಗ ಸೊಂಟವನ್ನು ಒಂದು ಪಕ್ಕಕ್ಕೆ ಚಾಚಬೇಕಾದ್ದರಿಂದ ನನ್ನಂಥವರಿಗೆ ಅದು ಆಗದು. ನೀರೆರೆಯುವುದೂ ಹಾಗೆಯೇ. ಕಾಲು ನೀಡಿ ಕುಳಿತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡರೆ, ಅದರ ತೂಕಕ್ಕೆ ಮೊಣಕಾಲು ಹಿಂದಕ್ಕೆ ಬಾಗುತ್ತಿತ್ತು. ಮಡಿಸಿದ ದಪ್ಪ ಟವಲನ್ನು ಮೊಣಕಾಲಿನಡಿಗೆ ಇಡುವ ಉಪಾಯವನ್ನು ಹೇಳಿಕೊಟ್ಟವರು ನಮ್ಮ ಅತ್ತೆ. ಅವರು ಯಾವ ವೈದ್ಯಗ್ರಂಥವನ್ನೂ ಓದಿದವರಲ್ಲ.

ಮಗು ನಡೆಯತೊಡಗಿದ ಮೇಲೆ ನನ್ನ ಸಂಸಾರವೆಲ್ಲ ಚಾಪೆಗೆ ಇಳಿದುಬಂದಿತು. ಊಟ, ಆಟ, ಬಟ್ಟೆ ತೊಡಿಸುವುದು ಎಲ್ಲವೂ ನೆಲದ ಮೇಲೆಯೇ. ಮಗುವನ್ನು ನಾನು ಎತ್ತುವ ಬದಲು ಅವಳೇ ನನ್ನ ಮೇಲೆ ಹತ್ತುತ್ತಾಳೆ. ಅಂಗಿಗೆ ಗುಂಡಿ ಬೇಡವೆಂದು ದರ್ಜಿಗೆ ಹೇಳಿ ಒತ್ತುಗುಂಡಿ ಹಾಕಿಸಿದ್ದೇನೆ. ರಸ್ತೆ ದಾಟುವಾಗ ಮಾತ್ರ ಕಷ್ಟ. ಅವಳು ಜಗ್ಗಿದರೆ ನನ್ನ ಭುಜ ಜಾರೀತು, ನಾನು ಜಗ್ಗಿದರೆ ಅವಳ ಮೊಣಕೈ ಜಾರೀತು. ಎರಡನೆಯದು ಯಾವ ಎಳೆಮಗುವಿಗೂ ಆಗಬಹುದಾದ ಅಪಾಯ. ಆದುದರಿಂದ ಮಕ್ಕಳನ್ನು ಮುಂಗೈ ಹಿಡಿದು ಎಳೆಯುವ ತಂದೆತಾಯಿಗಳೆಲ್ಲ ಇದನ್ನು ಗಮನಿಸುವುದು ಒಳ್ಳೆಯದು. ನಮ್ಮಿಬ್ಬರೊಳಗೆ ಒಂದು ಒಪ್ಪಂದವಾಗಿದೆ: ರಸ್ತೆ ಬಂದೊಡನೆ ಅವಳು ನಿಂತು ನನ್ನ ಸೆರಗನ್ನು ಹಿಡಿಯಬೇಕು. ಆಗಲೂ ನನ್ನ ಒಂದು ಕೈ ಅವಳ ಹೆಗಲ ಮೇಲೆಯೇ ಇರುತ್ತದೆ.

ಅವಳಿಗೂ ಇದು ಬಂದಿದೆಯೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವವು ಅರ್ಧಕ್ಕರ್ಧವೆಂದು ವೈದ್ಯರು ಎಣಿಸುತ್ತಾರೆ. ಎಳೆಯ ಮಕ್ಕಳ ಮೈ ಸ್ವಭಾವತಃ ಬಳುಕುವಂಥದು. ಆದ್ದರಿಂದ ಐದು ವರ್ಷಕ್ಕೆ ಮೊದಲು ಆ ಒಂಬತ್ತಂಕದ ಲೆಕ್ಕವನ್ನು ನೆಚ್ಚುವಂತಿಲ್ಲ. ಆ ಮೇಲೂ ದೊಡ್ಡವರಿಗೆ ೫ ಸಾಕಾದರೆ, ಮಕ್ಕಳಿಗೆ ೬ ಬೇಕು. ಅವಳಿಗಿನ್ನೂ ಎರಡೂವರೆ ವರ್ಷ. ಈಗ ಓಡುತ್ತಾಳೆ, ಬೀಳುತ್ತಾಳೆ, ಏಳುತ್ತಾಳೆ. ನಾವು ತಡೆಯುವುದಿಲ್ಲ, ಮಾಂಸಖಂಡ ಬಲಿಯಲು ಆಟವೇ ಬೇಕು. ನೆಂಟರು ಬಂದಾಗ ಹೆಬ್ಬೆರಳು ಬಾಗಿಸಿ ತೋರಿಸೆಂದು ನನ್ನನ್ನು ಬಾಲ್ಯದಲ್ಲಿ ಕರೆಯುತ್ತಿದ್ದರು. ಅವಳನ್ನು ನಮ್ಮ ಮನೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ.